ಪೂಜೆಗೆ ಕೂತ ಜಾಕೆಟ್ಟುಗಳು

ತಾನು ದೊಡ್ಡ ಈಜುಗಾರ ಎಂಬ ನಂಬಿಕೆ ಹರಿಪ್ರಸಾದನಿಗೆ ಬಂದದ್ದು ಚಿಕ್ಕಂದಿನಲ್ಲಿ, ಅಜ್ಜನ ಬಾವಿಯಲ್ಲಿ. ಆ ಬಾವಿ ಎಂದೋ ಬತ್ತಿ, ಅದನ್ನು ಮುಚ್ಚಿ, ಮೇಲೆ ಯಾರದೋ ಲೇಔಟಿನ ರಸ್ತೆಯೂ ಬಂದಿತ್ತು. ನಂಬಿಕೆ ಮಾತ್ರ ಬತ್ತಿರಲಿಲ್ಲ. ಇಂಥ ಗಂಡನ ಜೊತೆ ಬಾಳಿ ಬಾಳಿ ಅಕ್ಷತಳಿಗೆ ಸಿಟ್ಟು ಬರುವುದೂ ನಿಂತುಹೋಗಿ, ಬರೀ ತಾತ್ಸಾರ ಉಳಿದಿತ್ತು.

ಅವನು ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಿದ್ದ. ದೇವನಹಳ್ಳಿಯಿಂದಾಚೆ ಅವರೂರಿನ ಕೆರೆ ವರ್ಷಾನುಗಟ್ಟಲೆ ಒಣಗಿ ಜಾಲಿ ಬೆಳೆದುಕೊಂಡಿದ್ದದ್ದು, ಎರಡು ಒಳ್ಳೆಯ ಮಳೆಗಾಲಕ್ಕೆ ತುಂಬಿ ಕೋಡಿ ಬಿತ್ತು. ನೀರು ಕಂಡದ್ದೇ ತಡ, ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಇಬ್ಬರು ಕೂತು ಹುಟ್ಟು ಹಾಕುವ ಕಯಾಕ್ ದೋಣಿ ಬಿಡಿಸುತ್ತೇನೆ, ಬೆಂಗಳೂರಿನವರೆಲ್ಲ ಇಲ್ಲಿಗೇ ಬಂದು ಬೀಳುತ್ತಾರೆ ಎಂದ. ಅದಕ್ಕೆ ತರಬೇತಿ ಬೇಕು ಎಂದು ಅಕ್ಷತ ಅಂದಾಗ, "ನೀರಲ್ಲೇ ಬೆಳೆದೋನಿಗೆ ಯಾವನ್ ಹೇಳ್ಕೊಡ್ತಾನೆ, ನೀನೇ ಹೋಗ್ಬಾ" ಎಂದು ಹೆಂಡತಿಯನ್ನು ಅಟ್ಟಿದ. ಅವಳು ಹೋಗಿ ಕಲಿತು ಬಂದು ಹೇಳಿದ್ದನ್ನೆಲ್ಲ ಮೊಬೈಲ್ ನೋಡುತ್ತ ಕೇಳಿಸಿಕೊಂಡ. ಹಾಗೆಂದರೆ ಕೇಳಿಸಿಕೊಳ್ಳಲಿಲ್ಲ.

ಶುರು ಮಾಡಿದ್ದು ಆಯುಧಪೂಜೆ ದಿನ. ಮೊದಲ ಸುತ್ತಿಗೆ ಮಾವ ಹನುಮಂತರಾಯಪ್ಪನೇ ಕೂರಬೇಕು ಎಂದು ಹಟ ಹಿಡಿದ. ಮಗಳನ್ನು ಧಾರೆಯೆರೆದ ದಿನದಿಂದ ಮಾವ ಒಂದು ಸಲವೂ ಈ ಅಳಿಯನನ್ನು ಭೇಷ್ ಅಂದಿರಲಿಲ್ಲ. ಇವತ್ತು ಅನ್ನಿಸಿಯೇ ತೀರಬೇಕಿತ್ತು. ಮಾವನಿಗೆ ಈಜು ಬಾರದು. ಬಾರದು ಎಂದು ಒಪ್ಪಿಕೊಳ್ಳುವುದಂತೂ ಬಾರದೇ ಬಾರದು. ರೇಷ್ಮೆ ಪಂಚೆ, ಜರಿ ಶಲ್ಯ ಹಾಕಿಕೊಂಡು ಮದುವೆಗೆ ಬಂದವರಂತೆ ಬಂದು ನಿಂತರು.

ಏರಿಯ ಕೆಳಗೆ ನೀರಂಚಿನಲ್ಲಿ ಅಕ್ಷತಳ ಅತ್ತೆ ವರಲಕ್ಷ್ಮಮ್ಮ ರಂಗೋಲಿ ಬಿಟ್ಟು, ಲೈಫ್ ಜಾಕೆಟ್ಟುಗಳನ್ನೆಲ್ಲ ಒಟ್ಟಿ, ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿ, ಮೇಲೆ ಚೆಂಡುಹೂವಿನ ಹಾರ ಹಾಕಿದ್ದರು. ಅಕ್ಷತ ಎರಡು ಜಾಕೆಟ್ ಎತ್ತಿಕೊಳ್ಳಲು ಬಗ್ಗಿದಳು.

"ಪೂಜೆಗೆ ಕೂರ್ಸಿದ್ದನ್ನ ನಾಳೆ ತಂಕ ಎತ್ತಂಗಿಲ್ಲ ಕಣಮ್ಮ," ಎಂದರು ಅತ್ತೆ.

"ಹಂಗಾದ್ರೆ ದೋಣಿನೂ ನಾಳೇನೇ ಇಳೀಲಿ ಅತ್ತೆ."

"ದೋಣಿ ವಾಹನ ಕಣೇ," ಹರಿಪ್ರಸಾದ ನಡುವೆ ಬಾಯಿ ಹಾಕಿದ. "ಪೂಜೆ ಆದ್ಮೇಲೆ ಒಂದ್ ರೌಂಡ್ ಹೋಗ್ಲೇಬೇಕು. ಜಾಕೆಟ್ಟು ಸಾಮಾನು. ಸಾಮಾನು ಮುಟ್ಟಂಗಿಲ್ಲ."

ಅಪ್ಪನಾದರೂ ಬುದ್ಧಿ ಹೇಳಬಹುದೆಂದು ಅವರ ಮುಖ ನೋಡಿದಳು. ಅವರು ಶಲ್ಯ ಸರಿಮಾಡಿಕೊಳ್ಳುತ್ತಿದ್ದರು. "ಅದನ್ನ ಹಾಕ್ಕಂಡ್ರೆ ಜರಿ ಎಲ್ಲಮ್ಮ ಕಾಣುತ್ತೆ?" ಎಂದರು.

ಕಯಾಕಿನ ಕೆಳಗೆ ಕಾರಿಗಿಟ್ಟಂತೆ ನಾಲ್ಕು ನಿಂಬೆಹಣ್ಣು ಇಟ್ಟಿದ್ದರು. ಚಕ್ರವೇ ಇಲ್ಲದ ಗಾಡಿ. ಹಣ್ಣುಗಳು ಅಪ್ಪಚ್ಚಿಯಾಗದೆ ಉರುಳಿ ನೀರಿಗೆ ಬಿದ್ದವು. ಆ ಗುಂಪಿನಲ್ಲಿ ತೇಲಲು ಬರುತ್ತಿದ್ದದ್ದು ಅವಕ್ಕೆ ಮಾತ್ರ ಎಂದು ಅಕ್ಷತಳಿಗೆ ಅನ್ನಿಸಿತು.

ನಂದಿ ಬೆಟ್ಟದ ಕಡೆ ಮೋಡ ಕಟ್ಟುತ್ತಿತ್ತು. ಗಾಳಿ ಎದ್ದರೆ ದಡದಲ್ಲಿ ಕಾಣುವ ನೀರೇ ಬೇರೆ, ನಡುಗೆರೆಯ ನೀರೇ ಬೇರೆ. ಅದನ್ನೂ ಹೇಳಿದಳು. "ಅಪಶಕುನ ನುಡೀಬ್ಯಾಡ" ಅನ್ನಿಸಿಕೊಂಡಳು.

ಮಾವ ಅಳಿಯ ಇಬ್ಬರೂ ಜಾಕೆಟ್ಟಿಲ್ಲದೆ ಕೂತು ಹೊರಟರು. ನಡುಗೆರೆ ತಲುಪುವ ಹೊತ್ತಿಗೆ ಗಾಳಿ ಬೀಸಿತು. ದೋಣಿ ಅಡ್ಡ ತಿರುಗಿತು. ಅಷ್ಟರಲ್ಲಿ ಆಚೆ ದಡದ ಗಂಗಮ್ಮನ ಗುಡಿ ಕಣ್ಣಿಗೆ ಬಿತ್ತು. ಕೂತಲ್ಲೇ ದೇವರಿಗೆ ಕೈ ಮುಗಿಯುವ ಪೈಕಿಯಲ್ಲ ಹನುಮಂತರಾಯಪ್ಪ. ಎದ್ದು ನಿಂತರು. ಕಯಾಕ್ ಮಗುಚಿತು.

ದಡದಲ್ಲಿ ಬೊಬ್ಬೆ ಎದ್ದಿತು. ಅಕ್ಷತ ರಂಗೋಲಿಯನ್ನು ತುಳಿದು, ಹಾರ ಕಿತ್ತೆಸೆದು, ಮೂರು ಜಾಕೆಟ್ ಎಳೆದುಕೊಂಡಳು. ಎರಡನ್ನು ದಡದಲ್ಲಿದ್ದ ಇನ್ನೊಂದು ಕಯಾಕಿಗೆ ಹಾಕಿ, ಒಂದನ್ನು ತಾನು ತೊಟ್ಟು, ಬಕಲ್ ಒಂದೊಂದಾಗಿ ಹಾಕಿ ಬಿಗಿದಳು. ಒಂದನ್ನೂ ಬಿಡಲಿಲ್ಲ.

"ನನ್ ಮಗ ಅಲ್ಲಿ ಸಾಯ್ತಾವ್ನೆ, ನೀನಿಲ್ಲಿ ಸಿಂಗಾರ ಮಾಡ್ಕೊಂತಿದ್ದೀಯಾ," ಎಂದು ಅತ್ತೆ ಎದೆ ಬಡಿದುಕೊಂಡರು.

ಅಕ್ಷತ ಕಯಾಕನ್ನು ನೀರಿಗೆ ತಳ್ಳಿ ಹತ್ತಿದಳು. ಹುಟ್ಟು ಹಾಕುತ್ತ ಹೋದಳು.

ಅರ್ಧ ದಾರಿಯಲ್ಲಿ ಇಬ್ಬರೂ ಕಂಡರು. ಅಪ್ಪ ಮಗುಚಿದ ದೋಣಿಯನ್ನು ಎರಡು ಕೈಯಲ್ಲೂ ತಬ್ಬಿ ಹಿಡಿದು ಅವಳ ಹೆಸರು ಕೂಗುತ್ತಿದ್ದರು. ಗಂಡ ದೋಣಿಯನ್ನೂ ಮಾವನನ್ನೂ ಬಿಟ್ಟು, ದಡಕ್ಕೆ ಈಜಿ ಜನ ಕರೆತರುವ ಶೌರ್ಯಕ್ಕೆ ಹೊರಟವನು, ಗಾಳಿಗೆ ಎದುರಾಗಿ ಕೈ ಬಡಿಯುತ್ತ ಇದ್ದಲ್ಲೇ ಇದ್ದ. ಬಾವಿಯಲ್ಲಿ ನಾಲ್ಕು ಸಲ ಕೈ ಬೀಸಿದರೆ ಮೆಟ್ಟಿಲು ಸಿಗುತ್ತಿತ್ತು. ಇಲ್ಲಿ ಮೆಟ್ಟಿಲಿರಲಿಲ್ಲ. ಅವನ ತಲೆ ಒಂದು ಸಲ ಮುಳುಗಿ ಎದ್ದಿತು.

ಹೆತ್ತ ಅಪ್ಪ ಕೂಗುತ್ತಿದ್ದಾರೆ. "ದೋಣಿ ಬಿಡಬ್ಯಾಡ ಅಪ್ಪ, ಏನಾದ್ರೂ ಆಗ್ಲಿ ಬಿಡಬ್ಯಾಡ," ಎಂದು ಕಿರುಚಿ, ಆ ದಡ್ಡ ಗಂಡನ ಕಡೆಗೇ ದೋಣಿ ತಿರುಗಿಸಿದಳು. ತಿರುಗಿಸುವಾಗ ಅವನನ್ನು ಬಾಯಿಗೆ ಬಂದಂತೆ ಬೈದಳು, ಅತ್ತಳು ಕೂಡ.

ಎಸೆದ ಜಾಕೆಟ್ಟನ್ನು ಅವನು ಅವುಚಿಕೊಂಡು, ದೋಣಿಯ ಹಿಂಬದಿಗೆ ಜೋತುಬಿದ್ದು, ನೀರು ಕಕ್ಕಿದ. ಉಸಿರು ಬಂದ ಕೂಡಲೇ ಆಡಿದ ಮಾತು: "ಇನ್ನೇನ್ ದಡ ಮುಟ್ಟೇಬಿಡ್ತಿದ್ದೆ." ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ.

ಅವನನ್ನು ಹಾಗೇ ಎಳೆದುಕೊಂಡು ಅಪ್ಪನ ಹತ್ತಿರ ಬಂದಳು. ಅವರ ತುಟಿ ನೀಲಿಯಾಗಿತ್ತು. ಜಾಕೆಟ್ ತೊಡಿಸಲು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಜರಿ ಶಲ್ಯ ಕೆರೆ ಪಾಲಾಗಿತ್ತು.

ದಡದಲ್ಲಿ ವರಲಕ್ಷ್ಮಮ್ಮ ಮಗನ ದೃಷ್ಟಿ ತೆಗೆದು, ಒದ್ದೆ ಜಾಕೆಟ್ಟಿನ ಕುಂಕುಮವನ್ನು ಕಣ್ಣಿಗೊತ್ತಿಕೊಂಡು, "ಪೂಜೆ ಮಾಡಿದ್ದಕ್ಕೇ ಉಳ್ಕಂಡ್ರು" ಎಂದರು. ಊರವರೂ ಹೌದೌದು ಎಂದರು. ಅಕ್ಷತ ಅವರೆಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಸೀರೆಯ ನೀರು ಹಿಂಡಿಕೊಂಡಳು.

ಸಂಜೆ ಹರಿಪ್ರಸಾದ ಆಗಲೇ ಚೇತರಿಸಿಕೊಂಡು, ಮಾವನನ್ನು ಊರಿಗೆ ಬಿಡಲು ಕ್ಯಾಬ್ ತೆಗೆದ. ಹನುಮಂತರಾಯಪ್ಪ ಒಣ ಪಂಚೆ ಉಟ್ಟು, ಅದರ ಮೇಲೆ ಜಾಕೆಟ್ ತೊಟ್ಟು, ಬಕಲ್ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಅಕ್ಷತ ಕೂತಳು.

"ಏನ್ ಮಾವ, ಕಾರಲ್ಲಿ ಯಾಕಿದು?" ಹರಿಪ್ರಸಾದ ನಕ್ಕ. "ಇಲ್ಲೆಲ್ಲಿದೆ ನೀರು?"

ಹನುಮಂತರಾಯಪ್ಪ ರಸ್ತೆ ನೋಡುತ್ತಲೇ ಹೇಳಿದರು: "ಓಡ್ಸೋನು ನೀನೇ ಅಲ್ವೇನಪ್ಪಾ."