ಪಾಲಿಶ್ ಅಣ್ಣನ ಚೌಕಟ್ಟಿಗೆ ಬಿದ್ದ ಗೀರು

ಮೀಟರ್ ಕುಂಯ್ ಅನ್ನಲಿಲ್ಲ. ಕರೆಂಟಿನ ದಾರಿ ಕೂಡಿದ್ದರೆ ಅದು ಕೂಗಬೇಕಿತ್ತು. ಅವಳು ಅದರ ಒಂದು ಕಡ್ಡಿಯನ್ನು ಅರ್ಥಿಂಗ್ ವೈರಿಗೂ ಇನ್ನೊಂದನ್ನು ಚೌಕಟ್ಟಿನ ಅಡಿಯಲ್ಲಿ ಬಣ್ಣ ತಾಗದ ಅಂಚಿಗೂ ಒತ್ತಿ ಹಿಡಿದಿದ್ದಳು. ಜಾಗ ಬದಲಿಸಿ ನೋಡಿದಳು. ಮೀಟರ್ ಬಾಯಿಗೆ ಬೀಗ ಹಾಕಿಕೊಂಡಿತ್ತು.

ಹೋಟೆಲಿನ ಈಜುಕೊಳಕ್ಕೂ ಪಕ್ಕದ ಕೋಣೆಗೂ ನಡುವೆ ನಾಲ್ಕು ಚೌಕಟ್ಟುಗಳಲ್ಲಿ ನಿಲ್ಲಿಸಿದ ಗಾಜಿನ ಗೋಡೆ ಅದು. ಸ್ವಿಚ್ ಹಾಕಿದರೆ ಗಾಜು ತಿಳಿಯಾಗುತ್ತದೆ, ಆರಿಸಿದರೆ ಹಾಲಿನಂತೆ ಮಸುಕಾಗುತ್ತದೆ. ಅದಕ್ಕೆ ಬೇಕಾದ ವೈರುಗಳೆಲ್ಲ ಲೋಹದ ಚೌಕಟ್ಟಿನೊಳಗೇ ಓಡಿದ್ದವು. ವೈರಿಂಗ್ ಇವಳದು, ಚೌಕಟ್ಟು ಇವಳ ಅಣ್ಣನದು.

ಈ ಅಣ್ಣನಿಗೆ ಊರಿಟ್ಟ ಹೆಸರು ಪಾಲಿಶ್. ತಾನು ಮಾಡಿದ ಚೌಕಟ್ಟಿನಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಬಹುದು ಎಂದು ಅವನೇ ಹೇಳಿಕೊಳ್ಳುತ್ತಿದ್ದ, ಅದು ಸುಳ್ಳೂ ಆಗಿರಲಿಲ್ಲ. ಅವನ ಬಣ್ಣಕ್ಕೆ ಯಾರಾದರೂ ಉಗುರು ತಾಗಿಸಿದರೆ ಅವನ ಮೈಯೇ ಉರಿಯುತ್ತಿತ್ತು. ಆ ಪ್ರೀತಿಯೇ ಈಗ ಮುಳುವಾಗಿತ್ತು. ಅರ್ಥಿಂಗ್ ಬೋಲ್ಟ್ ಬಿಗಿಯುವಾಗ ಬಣ್ಣಕ್ಕೆ ಗೀರು ಬೀಳದಿರಲೆಂದು ಅವನು ಅದರಡಿ ಪ್ಲಾಸ್ಟಿಕ್ ವಾಷರ್ ಇಟ್ಟಿದ್ದ, ತೂತಿನೊಳಗೂ ಪ್ಲಾಸ್ಟಿಕ್ ಕೊಳವೆ ತೂರಿಸಿದ್ದ. ವೈರ್ ಅಂದವಾಗಿ ಕೂತಿತ್ತು, ಲೋಹಕ್ಕೆ ಮಾತ್ರ ಎಲ್ಲೂ ತಾಗಿರಲಿಲ್ಲ.

ಒಳಗಿನ ವೈರಿನ ಸಿಪ್ಪೆ ಎಂದಾದರೂ ಸವೆದರೆ ಕರೆಂಟು ಚೌಕಟ್ಟಿಗೆ ಹರಿಯುತ್ತದೆ. ಅರ್ಥಿಂಗ್ ಸರಿಯಿದ್ದರೆ ನೆಲಕ್ಕಿಳಿದು ಫ್ಯೂಸ್ ಹಾರಿಸುತ್ತದೆ. ಇಲ್ಲದಿದ್ದರೆ ಯಾರಾದರೂ ಬಂದು ಮುಟ್ಟಲಿ ಎಂದು ಅಲ್ಲೇ ಕಾದಿರುತ್ತದೆ. ಇಲ್ಲಿ ಮುಟ್ಟುವವರು ನೀರಿನಿಂದ ಆಗಷ್ಟೇ ಎದ್ದು ಬರಿಗಾಲಲ್ಲಿ ಬರುವವರು.

ಅವಳು ಬೋರ್ಡಿನಿಂದ ಫ್ಯೂಸ್ ಕಿತ್ತು ಜೇಬಿಗಿಳಿಸಿದಳು.

ಮ್ಯಾನೇಜರ್ ಓಡಿ ಬಂದ. ಉದ್ಘಾಟನೆಗೆ ಅತಿಥಿಗಳು ಬಾಗಿಲಿಗೆ ಬಂದಿದ್ದಾರೆ, ಫ್ಯೂಸ್ ಕೊಡಿ, ಒಂದು ಸಲ ಗಾಜು ತಿಳಿಯಾಗಿ ಚಪ್ಪಾಳೆ ಬಿದ್ದರೆ ಸಾಕು, ಉಳಿದದ್ದನ್ನು ನಾಳೆ ನಿಧಾನವಾಗಿ ಮಾಡಿಕೊಳ್ಳಿ ಎಂದು ಗೋಗರೆದ. ನಾಳೆ ಎಂಬ ಮಾತು ಕೇಳಿಯೇ ಅವಳಿಗೆ ಸಿಟ್ಟು ನೆತ್ತಿಗೇರಿತು. ಫ್ಯೂಸ್ ಕೊಡುವುದಿಲ್ಲ ಎಂದಳು. ಅಣ್ಣನ ಕಡೆ ತಿರುಗಿ, ಬೋಲ್ಟ್ ಬಿಚ್ಚಿ ಅದರ ಸುತ್ತ ಬಣ್ಣ ಕೆರೆಯಬೇಕು ಎಂದಳು.

ಅಣ್ಣನ ಮುಖ ಕಪ್ಪಿಟ್ಟಿತು.

"ವೈರ್ ಕೂತಿರೋದು ಕಣ್ಣಿಗೆ ಕಾಣ್ತಿಲ್ವಾ ನಿಂಗೆ?"

"ಕಾಣ್ತಿದೆ ಅಣ್ಣ. ಕರೆಂಟಿಗೆ ಕಣ್ಣಿಲ್ವಲ್ಲ."

"ನನ್ ಚೌಕಟ್ಟಿಗೆ ಗೀರು ಹಾಕಿದ್ರೆ ಇವತ್ತಿಗೇ ಮುಗೀತು. ನಾಳೆಯಿಂದ ನಿನ್ ಕೆಲಸ ನಿಂಗೆ, ನನ್ ಕೆಲಸ ನಂಗೆ."

ಸ್ಕ್ರೂಡ್ರೈವರ್ ಹಿಡಿಯುವುದನ್ನು ಅವಳಿಗೆ ಕಲಿಸಿದವನೇ ಅವನು. ಹುಡುಗಿಗ್ಯಾಕೆ ಈ ಉಸಾಬರಿ ಎಂದು ನೆಂಟರೆಲ್ಲ ಮೂಗು ಮುರಿದಾಗ, ಅವಳನ್ನು ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಕೆಲಸಕ್ಕೆ ಕರೆದೊಯ್ದವನೂ ಅವನೇ. ಅವನಿಲ್ಲದ ಕೆಲಸವನ್ನು ಅವಳು ಕನಸಲ್ಲೂ ಎಣಿಸಿರಲಿಲ್ಲ. ಆದರೂ ಜೇಬಿನ ಮೇಲಿಟ್ಟ ಕೈ ತೆಗೆಯಲಿಲ್ಲ.

"ಮುಗಿದ್ರೆ ಮುಗೀಲಿ," ಎಂದಳು. "ಯಾರ ಮನೆ ಮಗುವೋ ಒದ್ದೆ ಕೈಲಿ ಇದನ್ನ ಹಿಡ್ಕೊಳ್ಳುತ್ತೆ. ನಿನ್ ಬಣ್ಣ ನೋಡಿ ಕರೆಂಟು ಸುಮ್ನಿರಲ್ಲ."

ಬೋಲ್ಟ್ ಬಿಚ್ಚಿ, ವಾಷರ್ ಕಿತ್ತೆಸೆದು, ಲೋಹ ಉಜ್ಜುವ ಅರ ಹಿಡಿದು ಬಗ್ಗಿದಳು. ಮೊದಲ ಗೀರು ಕರ್ರೆಂದಿತು. ತನ್ನ ಮೈಗೇ ಗೀರು ಬಿದ್ದ ಹಾಗೆ ಅಣ್ಣ ಹಲ್ಲು ಕಚ್ಚಿದ. ಎರಡನೆಯದು ಕೈ ಜಾರಿ ಓರೆಯಾಗಿ ಬಿತ್ತು.

ಅಣ್ಣ ದಡದಡನೆ ಬಂದು ಅವಳ ಕೈಯಿಂದ ಅರ ಕಿತ್ತುಕೊಂಡ. ಅದನ್ನು ಎಸೆದೇಬಿಡುತ್ತಾನೆ ಎಂದುಕೊಂಡಳು.

"ಕೆರೆಯೋದೂ ಬರಲ್ಲ ನಿಂಗೆ," ಎಂದು ಗೊಣಗಿ ಅವನು ಮಂಡಿಯೂರಿದ. ಬೋಲ್ಟಿನ ಅಗಲಕ್ಕೆ ಸರಿಯಾಗಿ, ದುಂಡಗೆ, ಲೋಹ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದ. ವೈರನ್ನು ಅದಕ್ಕೊತ್ತಿ ಬೋಲ್ಟ್ ಬಿಗಿದ. ಅವಳು ಕಡ್ಡಿ ಇಟ್ಟಳು. ಮೀಟರ್ ಕುಂಯ್ ಎಂದಿತು.

ಮ್ಯಾನೇಜರ್ ಉಸಿರು ಬಿಟ್ಟು, ಈಗಲಾದರೂ ಫ್ಯೂಸ್ ಕೊಡಿ ಎಂದು ಕೈ ಚಾಚಿದ. ಅಣ್ಣ ಅಷ್ಟರಲ್ಲಿ ಎರಡನೆಯ ಚೌಕಟ್ಟಿನ ಬೋಲ್ಟ್ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ಇನ್ನೂ ಮೂರಿವೆ ಸಾರ್. ಅಲ್ಲೀವರ್ಗೂ ಅವಳು ಕೊಡಲ್ಲ," ಎಂದ. "ಕೇಳಿದ್ರೆ ನಂಗೂ ಕೊಡಲ್ಲ."

ಅವಳು ಮೀಟರ್ ಹಿಡಿದು ಅವನ ಪಕ್ಕದಲ್ಲಿ ಕೂತಳು.