ಕೊನೆಯ ಡಬ್ಬಿಯಿಂದ ಬಂದ ‘ಆಯ್ತು’

ಕಣ್ಣು ಹಾಯಿಸಿದಷ್ಟು ದೂರ ಜೋಳದ ಹೊಲ. ಪೇಟೆಯಿಂದ ಬರುವವರು ಎರಡು ಗಂಟೆ ಕಾರು ಓಡಿಸಿ, ದಾರಿ ತಪ್ಪಿತೆಂದು ಗಂಡ ಹೆಂಡತಿ ಜಗಳ ಶುರುಮಾಡುವ ಹೊತ್ತಿಗೆ ಸರಿಯಾಗಿ ತೆನೆಗಳ ಮೇಲೆ ಕೆಂಪು ಹಳಿಯೊಂದು ತಲೆ ಎತ್ತುತ್ತದೆ. ‘ಇಲ್ಲಿ ರೋಲರ್ ಕೋಸ್ಟರಾ?’ ಎನ್ನದೆ ಟಿಕೆಟ್ ಕೊಂಡವರಿಲ್ಲ. ಪಕ್ಕದಲ್ಲೇ ನೀರಿನ ಕೊಳ, ನೀಲಿ ಜಾರುಬಂಡೆಗಳು. ಇದನ್ನೆಲ್ಲ ಕಟ್ಟಿಸಿದ ಮಾಲೀಕನಿಗೆ ತಲೆ ಕೆಟ್ಟಿದೆ ಎಂದಿದ್ದ ಸುತ್ತಲಿನವರ ಮಕ್ಕಳೇ ಈಗ ಬೇಸಿಗೆಯಿಡೀ ಆ ನೀರಿನಲ್ಲಿ ಬಿದ್ದಿರುತ್ತಾರೆ.

ರೋಲರ್ ಕೋಸ್ಟರ್ ನಡೆಸುತ್ತಿದ್ದವನು ಬಟನ್ ಮಾಮ. ಮೊದಲು ಟ್ರ್ಯಾಕ್ಟರ್ ಓಡಿಸುತ್ತಿದ್ದ. ಟ್ರ್ಯಾಕ್ಟರಿನ ಸೀಟಿಗಿಂತ ಒಂದಡಿ ಮೇಲೆ ಹೋದರೂ ಅವನಿಗೆ ಬೆವರು ಕಿತ್ತುಬರುತ್ತಿತ್ತು. ಮನೆಯಲ್ಲಿ ಬಲ್ಬು ಬದಲಾಯಿಸಲು ಸ್ಟೂಲು ಹತ್ತುವವಳು ಹೆಂಡತಿ. ಇಂಥ ಪುಕ್ಕಲನ ಕೈಗೆ ರೈಲು ಹೊರಡಿಸುವ ಹಸಿರು ಗುಂಡಿ ಕೊಟ್ಟದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ. ಒತ್ತುವ ಮುನ್ನ ಎರಡು ಸಲ ನೋಡುತ್ತಿದ್ದ.

ಆದರೆ ನೋಟಕ್ಕೆ ಒಂದು ಕಂಬ ಅಡ್ಡವಿತ್ತು. ಅವನು ಕೂರುವ ಕ್ಯಾಬಿನ್ನಿನಿಂದ ಕೊನೆಯ ಡಬ್ಬಿ ಕಾಣುತ್ತಿರಲಿಲ್ಲ. ಕೂತವರ ತೊಡೆಯ ಮೇಲಿನ ಸರಳನ್ನು ಒತ್ತಿ, ‘ಕಟಕ್’ ಎಂದದ್ದು ಕೇಳಿಸಿಕೊಂಡು, ಆಮೇಲೆ ಕ್ಯಾಬಿನ್ನಿನ ಹಸಿರು ದೀಪ ಹೊತ್ತಿಸುವ ಕೆಲಸ ಹೆಂಡತಿಯದು. ಆ ದೀಪ ಕಳೆದ ಮಳೆಗಾಲದಲ್ಲೇ ಕೆಟ್ಟಿತ್ತು. ಮಾಲೀಕ ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ಬಂದ. ಕೊನೆಗೆ ಗಂಡ ಹೆಂಡತಿ ತಾವೇ ದಾರಿ ಹುಡುಕಿಕೊಂಡರು. ಅವಳು ‘ಆಯ್ತು’ ಎಂದರೆ ಇವನು ಒತ್ತುವುದು. ದಿನಕ್ಕೆ ನಲವತ್ತು ಸಲ. ಹನ್ನೆರಡು ವರ್ಷದ ಸಂಸಾರದಲ್ಲಿ ತನ್ನ ಮಾತಿಗೆ ಅವಳು ಇಷ್ಟು ಸಲ ಆಯ್ತು ಎಂದದ್ದೇ ಇಲ್ಲ ಎಂದು ಅವನು ಎಲ್ಲರ ಮುಂದೆ ಹೇಳಿ ನಗುತ್ತಿದ್ದ.

ಆವತ್ತು ಅವರ ಮಗಳು ಪುಟ್ಟಿ, ಇಷ್ಟು ಎತ್ತರವಿದ್ದವರು ಮಾತ್ರ ಹತ್ತಬಹುದೆಂದು ಗೇಟಿನಲ್ಲಿ ಎಳೆದ ಅಳತೆಯ ಗೆರೆ ಮುಟ್ಟಿದಳು. ಅವಳು ಎರಡು ವರ್ಷದಿಂದ ಕಾಯುತ್ತಿದ್ದ ಗೆರೆ. ಅದನ್ನು ಮುಟ್ಟದಿರಲಿ ಎಂದು ಅಪ್ಪ ಒಳಗೊಳಗೇ ಬೇಡಿಕೊಳ್ಳುತ್ತಿದ್ದ.

“ಇನ್ನೊಂದು ವರ್ಷ ಹೋಗ್ಲಿ ಪುಟ್ಟಿ.”

“ಊರ ಮಕ್ಕಳನ್ನೆಲ್ಲ ಕಳಿಸ್ತೀಯ, ನನಗೆ ಮಾತ್ರ ಬೇಡ ಅಂತೀಯ.”

“ನೀವು ಹೆದರೋದಲ್ದೆ ಅವಳನ್ನೂ ಹೆದರಿಸಬೇಡಿ,” ಎಂದಳು ಹೆಂಡತಿ. “ಸರಳು ಹಾಕೋಳು ನಾನೇ ತಾನೆ?”

ಆ ಒಂದೇ ಧೈರ್ಯಕ್ಕೆ ಅವನು ತಲೆಯಾಡಿಸಿದ. ಮುಂದಿನ ಡಬ್ಬಿಗಳಲ್ಲಿ ಜನ ಆಗಲೇ ಕೂತಿದ್ದರು; ಪುಟ್ಟಿ ಓಡಿಹೋಗಿ ಕೊನೆಯ ಡಬ್ಬಿಯಲ್ಲೇ ಕೂತಳು. ಕ್ಯಾಬಿನ್ನಿನಲ್ಲಿ ಅವನ ಅಂಗೈ ಒದ್ದೆಯಾಯಿತು. ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒದ್ದೆಯಾಯಿತು. ಕಂಬದ ಆಚೆ ಅಮ್ಮ ಮಗಳ ಗುಜುಗುಜು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಆಮೇಲೆ ಗಟ್ಟಿಯಾಗಿ, ದಿನವೂ ಕೇಳುವ ಅದೇ ದನಿ:

“ಆಯ್ತು.”

ಒತ್ತಿದ. ಸರಪಳಿ ಡಬ್ಬಿಗಳನ್ನು ಕಚ್ಚಿ ಏರಿನ ಮೇಲೆ ಎಳೆಯಿತು. ಹೆಂಡತಿ ಪ್ಲಾಟ್‌ಫಾರಂ ಉದ್ದಕ್ಕೂ ಓಡಿಬಂದಳು.

“ರೀ, ನಿಲ್ಸಿ. ಸರಳು ಬಿದ್ದಿಲ್ಲ. ನಿಲ್ಸಿ.”

ಏರು ಮುಗಿಯುವ ತನಕ ಮಾತ್ರ ಆ ರೈಲು ಗುಂಡಿಯ ಮಾತು ಕೇಳುತ್ತದೆ. ತುದಿ ದಾಟಿತೆಂದರೆ ಮುಗಿಯಿತು. ಆರು ವರ್ಷದಿಂದ ಅವನ ಕಣ್ಣೆದುರಿಗೇ ಇದ್ದ ಕೆಂಪು ಗುಂಡಿ ಆ ಗಳಿಗೆಯಲ್ಲಿ ಕಾಣಲಿಲ್ಲ. ತಡಕಾಡಿದ. ಸಿಕ್ಕಿತು, ಗುದ್ದಿದ. ಸರಪಳಿ ನರಳಿ ನಿಂತಾಗ ಮೊದಲ ಡಬ್ಬಿ ತುದಿಯಿಂದ ಎರಡು ಮಾರು ಕೆಳಗಿತ್ತು.

“ನೀರಿನ ಬಾಟ್ಲಿ ಮಡಿಲಲ್ಲೇ ಇರ್ಲಿ ಅಂತ ಹಟ ಮಾಡಿದ್ಲು,” ಹೆಂಡತಿಗೆ ಉಸಿರು ಸಿಗುತ್ತಿರಲಿಲ್ಲ. “ಅದು ಅಡ್ಡ ಬಂದು ಸರಳು ಇಳೀಲಿಲ್ಲ. ಅಳಬೇಡ, ಆಯ್ತು ಅಂದೆ. ಅವಳಿಗೆ ಅಂದಿದ್ದು ರೀ, ನಿಮಗಲ್ಲ.”

ಹೇಳುತ್ತಲೇ ಅವಳು ಕುಸಿದು ಕೂತಳು. ಸ್ಟೂಲು ಹತ್ತುವವಳು ಮೇಲೇಳುವಂತಿರಲಿಲ್ಲ; ಹತ್ತಬೇಕಾದವನು ಅವನೇ.

ಹಳಿಯ ಪಕ್ಕದ ಮೆಟ್ಟಿಲು ಕಬ್ಬಿಣದ ಜಾಲರಿಯದು. ಕಾಲಡಿಯಲ್ಲಿ ನೆಲ ಕಾಣುತ್ತದೆ. ಹತ್ತು ಮೆಟ್ಟಿಲು ನಡೆದ. ಆಮೇಲೆ ಮಗುವಿನಂತೆ ಅಂಬೆಗಾಲಿಟ್ಟ. ತಲೆ ಎತ್ತಿದರೆ ಪುಟ್ಟಿ ಸೀಟಿನಿಂದ ಅರ್ಧ ಎದ್ದು ಹಿಂದಕ್ಕೆ ಬಗ್ಗಿ ನೋಡುತ್ತಿದ್ದಳು.

“ಅಪ್ಪಾ, ಯಾಕೆ ನಿಂತ್ಹೋಯ್ತು?”

“ಕೂತ್ಕೋ. ಬಾಟ್ಲಿ ಬಿಸಾಕು ಪುಟ್ಟಿ.”

“ಅಮ್ಮ ಆಯ್ತು ಅಂದ್ಲು.”

“ಅಪ್ಪ ಬಿಸಾಕು ಅಂತಿದೀನಿ.”

ಬಾಟಲಿ ಜಾಲರಿಗೆ ಬಡಿದು ಕೆಳಗೆ ಹೋಯಿತು. ಅದು ನೆಲಕ್ಕೆ ಬಿದ್ದ ಸದ್ದು ಕೇಳಲು ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಅವನು ಮರೆಯಲಾರ. ತೆವಳಿ ಹೋಗಿ ಸರಳಿನ ಮೇಲೆ ಮೈಭಾರವೆಲ್ಲ ಹಾಕಿದ. ಕಟಕ್. ಇನ್ನೊಮ್ಮೆ ಒತ್ತಿದ. ಕಟಕ್. ಫಿಟ್ಟರ್ ಬಂದು ಎಲ್ಲರನ್ನೂ ಒಬ್ಬೊಬ್ಬರಾಗಿ ಇಳಿಸುವ ತನಕ ಸರಳಿನಿಂದ ಕೈ ತೆಗೆಯಲಿಲ್ಲ.

ದೀಪ ಸರಿಯಾಗದೆ ಗುಂಡಿ ಮುಟ್ಟುವುದಿಲ್ಲ ಎಂದು ಇಬ್ಬರೂ ಮಾಲೀಕನೆದುರು ಪಟ್ಟು ಹಿಡಿದರು. ವರ್ಷದಿಂದ ಸಿಗದ ಎಲೆಕ್ಟ್ರಿಷಿಯನ್ ಎರಡೇ ದಿನದಲ್ಲಿ ಸಿಕ್ಕಿದ. ಮೂರನೇ ದಿನ ರೈಲು ಮತ್ತೆ ಓಡತೊಡಗಿತು. ಇನ್ನು ದೀಪ ನೋಡಿ ಒತ್ತುವುದು, ಮಾತಿಗೆ ಬೆಲೆ ಇಲ್ಲ.

ಮಧ್ಯಾಹ್ನ ಡಬ್ಬಿಗಳು ತುಂಬುತ್ತಿದ್ದವು. ಹೆಂಡತಿ ಕಂಬದ ಆಚೆ ಯಾರದೋ ಮಕ್ಕಳಿಗೆ ಸರಳು ಹಾಕುತ್ತಿದ್ದಳು. ಟಿಕೆಟ್ ಕೊಡುವವಳು ಆ ಕಡೆಯಿಂದ ಹಾದುಹೋಗುತ್ತಾ ಎಂದಿನಂತೆ ಕೂಗಿ ಕೇಳಿದಳು.

“ಅಕ್ಕಾ, ಊಟ ಆಯ್ತಾ?”

“ಆಯ್ತು.”

ಬಟನ್ ಮಾಮ ಕೆಳಗೆ ನೋಡಿದ. ದೀಪ ಹೊತ್ತಿರಲಿಲ್ಲ. ಅವನ ಹೆಬ್ಬೆರಳು ಹಸಿರು ಗುಂಡಿಯ ಮೇಲಿತ್ತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಮೆಲ್ಲಗೆ ಎತ್ತಿದ. ಆ ಕೈಯನ್ನು ತೊಡೆಯ ಕೆಳಗೆ ತುರುಕಿ, ಅದರ ಮೇಲೆ ಕೂತು, ದೀಪಕ್ಕೆ ಕಾಯತೊಡಗಿದ.