ಕೊಡೆ ಓಣಿ ತಪ್ಪಿಸಿದ ದಾರಿ

ನದಿದಂಡೆಯ ಹಳೇಪೇಟೆಯಲ್ಲಿ ಮೂವತ್ತೊಂದು ವರ್ಷ ಕಾಗದ ಹಂಚಿದ ಟಪಾಲಣ್ಣನಿಗೆ ಅಲ್ಲಿಯ ಯಾವ ಬಾಗಿಲಿನ ಚಿಲಕ ಸಡಿಲ, ಯಾವ ಕಿಟಕಿಯಿಂದ ಕಾಗದಕ್ಕೆ ಬುಟ್ಟಿ ಇಳಿಯುತ್ತದೆ ಎಂಬುದೆಲ್ಲ ಬಾಯಿಪಾಠ. ಹೊರಗಿನಿಂದ ಬಂದವರು ಪೇಟೆಯನ್ನು ನಡೆದು ನೋಡಲೆಂದು ನಗರಸಭೆ ಒಂದು ನಕ್ಷೆ ಮಾಡಿಸಲು ಹೊರಟಿತು. ಆ ಕೆಲಸ ಬಿದ್ದದ್ದು ಅಲ್ಲೇ ನೌಕರಿಯಲ್ಲಿದ್ದ ಅವನ ಮಗಳ ತಲೆಯ ಮೇಲೆ. ಅವಳು ಬೇರೆ ಯಾರನ್ನು ಕೇಳಿಯಾಳು?

"ಅಪ್ಪಾ, ನೀನು ನಡಿ. ನಾನು ಹಿಂದೆ ಗೀಟು ಎಳ್ಕೊಂಡು ಬರ್ತೀನಿ" ಎಂದಳು.

ಬೆಳಗ್ಗೆ ಗಡಿಯಾರದ ಗೋಪುರದ ಬುಡದಿಂದ ದೋಣಿಕಟ್ಟೆಯ ಕಡೆಗೆ ಹೊರಟರು. ಗೋಪುರ ಕಟ್ಟಿಸಿದವರು ಯಾರೆಂದು ಕೇಳಿದರೆ ಈ ಮಹಾಶಯ ತಲೆ ಕೆರೆದುಕೊಂಡ. ಆದರೆ ಉಪ್ಪಿನ ಉಗ್ರಾಣದ ಮುಂದೆ ಬಂದದ್ದೇ ಬಾಯಿ ಬಿಚ್ಚಿತು. "ಇಲ್ಲಿನ ಕಾವಲುಗಾರ ಹೆಂಡತಿ ಕಾಗದಾನ ನನ್ನ ಕೈಲೇ ಓದಿಸ್ತಿದ್ದ. ಬೈಗುಳ ಬಂದ ಕಡೆ ನಾನು ಕೆಮ್ಮಿ ಮುಂದಕ್ಕೆ ಹೋಗ್ತಿದ್ದೆ. ಕೆಲವು ಕಾಗದ ಬರೀ ಕೆಮ್ಮೇ." ಮಗಳು ನಗುತ್ತ ಬರೆದುಕೊಂಡಳು. ಈಗ ಉಗ್ರಾಣದ ಬಾಗಿಲಿಗೆ ಗಾಜು ಬಂದಿದೆ, ಒಳಗೆ ಕಾಫಿ ಮಾರುತ್ತಾರೆ. ಸುತ್ತಲ ಮನೆಗಳ ಟಪಾಲು ಡಬ್ಬಿಗಳಲ್ಲಿ ಗುಬ್ಬಿ ಗೂಡು ಕಟ್ಟಿದೆ. ಹೆಸರು ಹಿಡಿದು ಕೂಗಿದರೆ ಓಗೊಡುವವರು ಯಾರೂ ಉಳಿದಿಲ್ಲವೆಂದು ಅವನು ಗೊಣಗಿದ.

ಕೊಡೆ ಓಣಿಯ ಮೂಲೆಗೆ ಬಂದವನು ಸರಕ್ಕನೆ ಎಡಕ್ಕೆ ತಿರುಗಿ ಗುಡ್ಡದ ಮೆಟ್ಟಿಲಿಗೆ ಕಾಲಿಟ್ಟ.

"ಅಪ್ಪಾ, ಈ ಓಣೀಲಿ ನೇರ ಹೋದ್ರೆ ದೋಣಿಕಟ್ಟೆ. ಜನಾನ ಯಾಕೆ ಎಂಬತ್ತನಾಲ್ಕು ಮೆಟ್ಟಿಲು ಹತ್ತಿಸ್ತೀಯ?"

"ಮೇಲಿಂದ ನದಿ ಚೆನ್ನಾಗಿ ಕಾಣತ್ತೆ."

"ನಿನ್ನ ಮಂಡಿಗೂ ಕಾಣತ್ತಾ? ನಿಜ ಹೇಳು."

ಟಪಾಲಣ್ಣ ಮೊದಲ ಮೆಟ್ಟಿಲ ಮೇಲೆ ಕುಸಿದು ಕೂತ. ಹೆಂಡತಿಗೂ ಹೇಳದೆ ಇಪ್ಪತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿದ.

ಓಣಿಯಲ್ಲಿ ಕೊಡೆ ರಿಪೇರಿ ಮಾಡುವ ಕೊಡೆಯಮ್ಮನ ಮನೆ. ಮಗ ಹಡಗಿನಲ್ಲಿ ಕೆಲಸಕ್ಕಿದ್ದ. ಒಂದು ದಿನ ಅವಳ ಮಗಳು ಹಸುಗೂಸಿನೊಂದಿಗೆ ತವರಿಗೆ ಬಂದಿಳಿದಿದ್ದಳು, ಮನೆಯ ನಗು ಮೂಲೆಯವರೆಗೂ ಕೇಳುತ್ತಿತ್ತು. ಟಪಾಲಣ್ಣನ ಕೈಯಲ್ಲಿ ಹಡಗು ಕಂಪನಿಯ ದಪ್ಪ ಲಕೋಟೆ. ಅಂಥ ಲಕೋಟೆ ಒಳ್ಳೆಯ ಸುದ್ದಿ ತರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕೊಡಲು ಕೈ ಬರಲಿಲ್ಲ, ಚೀಲಕ್ಕೆ ವಾಪಸು ಹಾಕಿಕೊಂಡ. ಮರುದಿನ ಬಾಗಿಲ ಸಂದಿಯಲ್ಲಿ ತೂರಿಸಿ ಕಾಲು ಕಿತ್ತ. ಮಗ ತೀರಿಹೋದನೆಂದು ಸಂಜೆ ಕಿವಿಗೆ ಬಿತ್ತು. ಯಾವಾಗ ಹೋದ, ಒಂದು ದಿನ ಮೊದಲು ಕೊಟ್ಟಿದ್ದರೆ ತಾಯಿ ಮಗನ ಮುಖ ನೋಡುತ್ತಿದ್ದಳೇ ಎಂದು ಕೇಳುವ ಧೈರ್ಯ ಬರಲಿಲ್ಲ. ವಾರದೊಳಗೆ ಆ ಓಣಿಯನ್ನು ಜೊತೆಗಾರನಿಗೆ ಕೊಟ್ಟು, ಅವನ ಗುಡ್ಡದ ಮನೆಗಳನ್ನು ತಾನು ತೆಗೆದುಕೊಂಡ. ನಿವೃತ್ತಿಯಾಗುವ ತನಕ, ಹದಿನಾರು ವರ್ಷ, ದಿನಾ ಹತ್ತಿ ಇಳಿದ.

ಮಗಳು ನಕ್ಷೆಯನ್ನು ಮಂಡಿಯ ಮೇಲೆ ಹರವಿಕೊಂಡಳು. ಆಮೇಲೆ, "ಹೋಗ್ಲಿ ಬಿಡಪ್ಪಾ, ಮೆಟ್ಟಿಲ ದಾರೀನೇ ಹಾಕ್ತೀನಿ" ಎಂದು ಗೀಟು ಎಳೆಯತೊಡಗಿದಳು.

ಆ ಗೀಟು ಓಣಿಯನ್ನು ತಪ್ಪಿಸಿಕೊಂಡು ಸುತ್ತು ಹಾಕುವುದನ್ನು ನೋಡಿ ಟಪಾಲಣ್ಣನಿಗೆ ನಾಚಿಕೆಯಾಯಿತು.

"ಬೇಡಮ್ಮಾ. ನನ್ನ ಹೇಡಿತನಾನ ಅಚ್ಚು ಹಾಕಿಸ್ಬೇಡ" ಎಂದು ಎದ್ದ.

ಓಣಿಯಲ್ಲಿ ಕೊಡೆಗಳು ಈಗಲೂ ತೂಗುತ್ತಿದ್ದವು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಎಂಬತ್ತು ದಾಟಿದ ಕೊಡೆಯಮ್ಮ ಕೊಡೆಯ ಬಟ್ಟೆಯನ್ನು ಕಡ್ಡಿಗೆ ಹೊಲಿಯುತ್ತಿದ್ದಳು. ಕನ್ನಡಕ ಮೇಲೇರಿಸಿ, "ಅಂತೂ ದಾರಿ ಸಿಕ್ತೇನೋ?" ಎಂದಳು.

ಅವನು ಚಪ್ಪಲಿ ಕಳಚಿ ಎದುರು ನಿಂತ. "ಅಮ್ಮಾ, ಆ ಕಾಗದ... ಒಂದು ದಿನ ನನ್ನ ಚೀಲದಲ್ಲೇ ಇತ್ತು."

"ಗೊತ್ತು. ಲಕೋಟೆ ಬೆನ್ನಿಗೆ ನಿಮ್ಮ ಆಫೀಸಿನ ಮೊಹರು ಬಿದ್ದಿತ್ತಲ್ಲ, ಹಿಂದಿನ ದಿನದ ತಾರೀಕು. ದಿನಾ ಮೊಹರು ನೋಡೋನು, ಅದನ್ನೇ ಮರೆತ್ಯಾ?"

ಟಪಾಲಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಅವನು ಆಗ..."

"ಕಾಗದ ಬರೆಯೋಕೆ ಮುಂಚೆನೇ ಹೋಗಿದ್ದ. ಸಮುದ್ರಕ್ಕೇ ಒಪ್ಪಿಸಿದ್ರಂತೆ." ಕೊಡೆಯಮ್ಮ ದಾರ ಎಳೆದು ಗಂಟು ಹಾಕಿದಳು. "ಕಾಗದ ನಿನ್ನ ಚೀಲದಲ್ಲಿದ್ದ ಆ ಸಂಜೆ ನಮ್ಮ ಯಜಮಾನ್ರು ಮಗೂನ ತೊಡೆ ಮೇಲೆ ಹಾಕ್ಕೊಂಡು ಹಾಡಿದ್ರು. ಆಮೇಲೆ ಸಾಯೋ ತನಕ ಹಾಡ್ಲಿಲ್ಲ. ಆ ಸಂಜೆ ನಮಗೆ ಸಿಕ್ಕಿದ್ದು ನಿನ್ನಿಂದ ಕಣೋ. ಹೇಳೋಣ ಅಂತ ದಿನಾ ಇಲ್ಲೇ ಕೂರ್ತಿದ್ದೆ. ಬೇರೆಯವನು ಬರ್ತಿದ್ದ. ಅವನ ಹತ್ರ ಹೇಳಿದ್ರೆ ನಿನ್ನ ಕೆಲಸಕ್ಕೆ ಕುತ್ತು ಬರತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ."

ಟಪಾಲಣ್ಣ ಹೊಸ್ತಿಲ ಬಳಿ ಕೂತು, ಮಗಳು ನೋಡುತ್ತಿದ್ದಾಳೆಂಬುದನ್ನೂ ಲೆಕ್ಕಿಸದೆ ಅತ್ತ. ಅತ್ತು ಮುಗಿಸಿ, "ಮೆಟ್ಟಿಲು ಹತ್ತೀ ಹತ್ತೀ ಮಂಡಿ ಹೋಯ್ತಮ್ಮಾ" ಎಂದ.

"ಹೋಗ್ದೆ ಏನು ಮಾಡತ್ತೆ? ಈ ಕಡೆ ತುದಿ ಹಿಡ್ಕೋ, ಇದೊಂದು ಹೊಲಿದುಬಿಡ್ತೀನಿ" ಎಂದು ಕೊಡೆಯಮ್ಮ ಕೊಡೆಯನ್ನು ಅವನ ಕಡೆಗೆ ಚಾಚಿದಳು.

ಅವನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. ಮಗಳು ರಬ್ಬರು ತೆಗೆದು ಎಂಬತ್ತನಾಲ್ಕು ಮೆಟ್ಟಿಲನ್ನು ಅಳಿಸತೊಡಗಿದಳು.